ಎಡ ಅಂಗೈ

ಮಸ್ಕಿ
12 ಜೂನ್ 2023

ಕುಮಾರಿ,

ಕಾಗದ ತಡವಾಯಿತೆಂದು ಮುಖ ಊದಿಸಿಕೊಂಡು ಕೂತಿರುತ್ತೀ, ಗೊತ್ತು. ಹೋದ ಸೋಮವಾರ ಬಿದ್ದೆ. ಹೇಗೆಂದು ಹೇಳಿದರೆ ನಗುತ್ತೀ. ಸಿಂಧನೂರಿನಿಂದ ಬಂದು ಬಸ್ಸಿಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟೆ, ಇರಲಿಲ್ಲ. ಎಡಗೈ ಊರಿಕೊಂಡು ಬಿದ್ದೆ. ಬಲಗೈಯಲ್ಲಿದ್ದ ಚೀಲ ಮಾತ್ರ ಬಿಡಲಿಲ್ಲ, ಅದರಲ್ಲಿ ನಿನ್ನ ಭಾವನವರ ಅಂಗಿ ಬಟ್ಟೆ ಇತ್ತು.

ಇಲ್ಲಿಯ ದವಾಖಾನೆಯಲ್ಲಿ ಫೋಟೋ ತೆಗೆಸಿದರು. ಎಲುಬು ಮುರಿದಿಲ್ಲ, ಉಳುಕಿದೆ ಅಂದರು. ಆಮೇಲೆ ಎಣ್ಣೆ ಹಚ್ಚಿ ತಿಕ್ಕುವವನ ಹತ್ತಿರ ಹೋದೆವು. ಅವನು ಹೆಬ್ಬೆರಳು ಹಿಡಿದು ಜಗ್ಗಿದಾಗ ಜೀವ ಹೋಗಿ ಬಂತು. ಬಾವು ಇಳಿದಿದೆ, ನೋವು ಇಳಿದಿಲ್ಲ. ರೊಟ್ಟಿ ಬಡಿಯುವುದು ಬಲಗೈ ಒಂದರಲ್ಲೇ ನಡೆದಿದೆ. ಅವು ನಮ್ಮ ಊರಿನ ರಸ್ತೆಯ ಹಾಗೆ ಆಗುತ್ತಿವೆ. ನಿನ್ನ ಭಾವ ಮಾತಾಡದೆ ತಿನ್ನುತ್ತಾರೆ.

ಫೋನು ಮಾಡಿ ಹೇಳಲಿಲ್ಲ ಅನ್ನಬೇಡ. ನನ್ನ ಕಿವಿಗಳು ಇದ್ದೂ ಇಲ್ಲ, ಮನೆಯ ಫೋನು ಅವರ ಕಿಸೆಯಲ್ಲಿರುತ್ತದೆ. ಎಂದಿನಂತೆ ಟೇಲರ್ ಗೌಸ್‌ಸಾಬರ ವಿಳಾಸಕ್ಕೇ ಬರೆ. ಅಳತೆ ಪುಸ್ತಕದೊಳಗಿಟ್ಟು ಕೊಡುತ್ತಾರೆ. ನಮ್ಮ ಪಾತ್ರೆ ಅಂಗಡಿಗೆ ಎದುರಿಗೇ ಕೂತಿದ್ದರೂ ಇಷ್ಟು ವರ್ಷ ಅವರ ಬಾಯಿಂದ ಒಂದು ಮಾತು ಹೊರಬಿದ್ದಿಲ್ಲ.

ಲಕ್ಷ್ಮಣನನ್ನು ಕೇಳಿದೆನೆಂದು ಹೇಳು.

ನಿನ್ನ ಅಕ್ಕ
ಬಸವಣ್ಣೆಮ್ಮ


ಲಿಂಗಸುಗೂರು
15 ಜೂನ್ 2023

ಅಕ್ಕಾ,

ಇನ್ನು ಮುಂದೆ ಆ ಕೈಗೆ ಯಾರೂ ಎಣ್ಣೆ ಹಚ್ಚಕೂಡದು. ಕಾಗದ ಓದಿದ ಕೂಡಲೇ ಒಂದು ಕೆಲಸ ಮಾಡು. ಎಡಗೈಯ ಹೆಬ್ಬೆರಳನ್ನು ಹಿಂದಕ್ಕೆ ನಿಗುರಿಸಿ ಹಿಡಿ. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಗುಳಿ ಬೀಳುತ್ತದೆ. ತುರ್ವಿಹಾಳದಲ್ಲಿ ನಮ್ಮ ಆಯಿ ನಶ್ಯ ಇಟ್ಟುಕೊಂಡು ಮೂಗಿಗೆ ಏರಿಸುತ್ತಿದ್ದಳಲ್ಲ, ಅದೇ ಗುಳಿ. ಅಲ್ಲಿ ಬೆರಳಿಂದ ಒತ್ತು. ಕಣ್ಣಲ್ಲಿ ನೀರು ಬಂದರೆ ಅದು ಉಳುಕಲ್ಲ.

ಆ ಗುಳಿಯ ಕೆಳಗೆ ಗೋಡಂಬಿಯಷ್ಟು ಸಣ್ಣ ಎಲುಬಿದೆ. ಕೈ ಊರಿ ಬಿದ್ದವರಿಗೆ ಮುರಿಯುವುದು ಅದೇ. ಮೊದಲ ಫೋಟೋದಲ್ಲಿ ಬಿರುಕು ಎಷ್ಟೋ ಸಲ ಕಾಣುವುದಿಲ್ಲ, ಅದಕ್ಕೆ ಆ ಡಾಕ್ಟರನ್ನು ಬೈಯಬೇಡ. ಹತ್ತು ಹನ್ನೆರಡು ದಿನ ಬಿಟ್ಟು ತೆಗೆದರೆ ಕಾಣುತ್ತದೆ. ಆ ಎಲುಬಿಗೆ ರಕ್ತ ಹೋಗುವ ದಾರಿ ಬಹಳ ಕಿರಿದು. ಬೇಗ ಕೂಡುವುದಿಲ್ಲ, ಕೆಲವರಿಗೆ ಕೂಡುವುದೇ ಇಲ್ಲ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದ್ದೇನೆ, ನನ್ನ ಮಾತು ಕೇಳು. ಸಿಂಧನೂರಿಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸು.

ಇಲ್ಲಿಂದ ಮಸ್ಕಿ ಒಂದು ತಾಸಿನ ದಾರಿ. ನಾನೇ ಬಂದು ಒತ್ತಿ ನೋಡಬಹುದಿತ್ತು. ನಿನ್ನ ಮನೆಯವರ ಹೊಸ್ತಿಲು ಅಡ್ಡ ಇದೆ.

ಕುಮಾರಿ


ಮಸ್ಕಿ
28 ಜೂನ್ 2023

ಕುಮಾರಿ,

ಒತ್ತಿದೆ. ಕಣ್ಣಲ್ಲಿ ನೀರು ಬಂತು.

ಮುರಿದದ್ದು ಸಿಂಧನೂರಿನ ಫೋಟೋದಲ್ಲಿ ಕಂಡಿತು, ಕೂದಲೆಳೆಯಷ್ಟು ಗೀರು. ಇಷ್ಟು ಸಣ್ಣದಕ್ಕೆ ಮೊಣಕೈ ಕೆಳಗಿನಿಂದ ಹೆಬ್ಬೆರಳ ತನಕ ಪ್ಲಾಸ್ಟರ್ ಹಾಕಿದ್ದಾರೆ. ಎಂಟು ವಾರ ಇರಬೇಕಂತೆ, ಹನಿ ನೀರೂ ತಾಕಬಾರದಂತೆ. ನಾಲ್ಕು ಬೆರಳ ತುದಿ ಬಿಟ್ಟರೆ ನನ್ನ ಕೈ ನನಗೇ ಕಾಣುವುದಿಲ್ಲ.

ನೋವು ಒಂದು ಕಡೆ ಇರಲಿ. ನನ್ನ ಲಿಂಗಪೂಜೆ ನಿಂತಿತು. ಎಡ ಅಂಗೈಯಲ್ಲೇ ಲಿಂಗ ಇಡಬೇಕು, ಆ ಅಂಗೈ ಸುಣ್ಣದೊಳಗೆ ಹೋಗಿ ಕೂತಿದೆ. ಬಲಗೈಯಲ್ಲಿ ಹಿಡಿದರೆ ಪತ್ರಿ ಏರಿಸುವ ಕೈ ಯಾವುದು? ಬಟ್ಟಲಲ್ಲಿಟ್ಟು ಮಾಡು ಅಂದರು ಯಾರೋ. ಮನಸ್ಸು ಒಪ್ಪಲಿಲ್ಲ. ಪೂಜೆ ಆಗದೆ ಬಾಯಿಗೆ ಏನೂ ಹಾಕಿದವಳಲ್ಲ ನಾನು, ನಿನಗೆ ಗೊತ್ತು. ಎಂಟು ವರ್ಷದವಳಿದ್ದಾಗ ಲಿಂಗ ಕಟ್ಟಿದರು, ಈಗ ಐವತ್ತಾರು. ಜ್ವರ ಬಂದಾಗಲೂ ತಪ್ಪಿಸಿಲ್ಲ. ಎರಡು ದಿನ ಬರೀ ನೀರು ಕುಡಿದು ಕೂತೆ.

ಮೂರನೆಯ ದಿನ ನಿನ್ನ ಭಾವ ಮಠದ ಅಯ್ಯನವರನ್ನು ಮನೆಗೆ ಕರೆತಂದರು. ಒಂದು ದಾರಿ ಆಯಿತು. ಈಗ ಪೂಜೆ ತಪ್ಪುತ್ತಿಲ್ಲ. ಹೇಗೆಂದು ಕೇಳಬೇಡ, ಹೇಳುವಂತಿಲ್ಲ.

ಬಸವಣ್ಣೆಮ್ಮ


ಲಿಂಗಸುಗೂರು
3 ಜುಲೈ 2023

ಅಕ್ಕಾ,

ಹೇಳುವಂತಿಲ್ಲ ಅಂದರೆ ಏನರ್ಥ? ಪ್ಲಾಸ್ಟರ್ ಬಿಚ್ಚಿ ಮತ್ತೆ ಕಟ್ಟಿಸಿಕೊಳ್ಳುತ್ತಿಲ್ಲ ತಾನೆ? ಅದರ ಮೇಲೇ ಲಿಂಗ ಇಟ್ಟು ನೀರೆರೆಯುತ್ತಿಲ್ಲ ತಾನೆ? ಒಳಗೆ ಒದ್ದೆಯಾದರೆ ಚರ್ಮ ಕೊಳೆಯುತ್ತದೆ. ಕೈ ಅಲುಗಿದರೆ ಎಲುಬು ಕೂಡುವುದಿಲ್ಲ.

ಪೂಜೆ ಬಿಡು ಎಂದು ನಾನು ಹೇಳಿದರೆ ಲಿಂಗ ತೆಗೆದಿಟ್ಟವಳು ಹೇಳಿದಳು ಅನ್ನುತ್ತೀರಿ. ಅದಕ್ಕೆ ಹೇಳುವುದಿಲ್ಲ. ಆದರೆ ಒಂದು ನೆನಪು ಮಾಡುತ್ತೇನೆ. ಸಣ್ಣವಳಿದ್ದಾಗ ನನ್ನ ಅಂಗೈಯಿಂದ ಲಿಂಗ ಜಾರುತ್ತಿತ್ತು. ನೀನು ಕೆಳಗಿನಿಂದ ನಿನ್ನ ಕೈ ಕೊಟ್ಟು ನನ್ನ ಕೈ ಅಲುಗದಂತೆ ಹಿಡಿಯುತ್ತಿದ್ದೆ. ನನ್ನದು ಮುಗಿದ ಮೇಲೆ ನಿನ್ನದು. ಅವ್ವ ಬೈದರೂ ನೀನು ತಡವಾಗಿ ಉಣ್ಣುತ್ತಿದ್ದೆ. ಆ ಕೈಯನ್ನು ಕೆಡಿಸಿಕೊಳ್ಳಬೇಡ ಅಂತಷ್ಟೇ ನಾನು ಕೇಳುವುದು.

ಕುಮಾರಿ


ಮಸ್ಕಿ
19 ಆಗಸ್ಟ್ 2023

ಕುಮಾರಿ,

ಮೊನ್ನೆ ಸಿಂಧನೂರಿಗೆ ಹೋಗಿದ್ದೆವು. ಇನ್ನೂ ಕೂಡಿಲ್ಲ. ಮತ್ತೆ ನಾಲ್ಕು ವಾರ ಹೊಸ ಪ್ಲಾಸ್ಟರ್ ಹಾಕಿದ್ದಾರೆ. ಆಮೇಲೂ ಕೂಡದಿದ್ದರೆ ಕೊಯ್ದು ಸ್ಕ್ರೂ ಹಾಕಬೇಕಾಗುತ್ತದಂತೆ. ಇರಲಿ ಬಿಡು, ಆದದ್ದಾಗಲಿ. ನನಗೆ ಬೇಸರವಿಲ್ಲ.

ಶ್ರಾವಣ ಶುರುವಾಗಿದೆ. ಪೂಜೆ ಒಂದು ದಿನವೂ ತಪ್ಪಿಲ್ಲ. ನಿನ್ನ ಭಾವನೇ ದಿನಾ ಬೆಳಿಗ್ಗೆ ಎದುರಿಗೆ ಕೂತು ಮಾಡಿಸುತ್ತಾರೆ. ಅಂಗಡಿ ತೆಗೆಯುವುದು ತಡವಾದರೂ ಏಳುವುದಿಲ್ಲ.

ಗೌಸ್‌ಸಾಬರು ಉರುಸಿಗೆ ಹೋಗುವವರಿದ್ದಾರೆ. ಅವರು ಬರುವ ತನಕ ಬರೆಯಬೇಡ.

ಬಸವಣ್ಣೆಮ್ಮ


ಲಿಂಗಸುಗೂರು
23 ಆಗಸ್ಟ್ 2023

ಅಕ್ಕಾ,

ಬರೆಯಬೇಡ ಅಂದಿದ್ದೀ. ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಲಕ್ಷ್ಮಣ ಎರಡು ದಿನ ತಾಳು ಅಂದ. ತಾಳಲಾರೆ.

ಎದುರಿಗೆ ಕೂತು ಮಾಡಿಸುತ್ತಾರಂತೆ. ಈಗ ತಿಳಿಯಿತು ನನಗೆ ನಿಮ್ಮ ಹೇಳಬಾರದ ದಾರಿ. ಮುರಿದ ಕೈಯನ್ನು ಚಾಚಿಸಿ, ಅದರ ಮೇಲೆ ಲಿಂಗ ಇರಿಸಿ, ಅಲುಗಬೇಡ ಎಂದು ಕಾವಲು ಕೂಡುತ್ತಾರೆ ನಮ್ಮ ಭಾವ ಶಿವಶರಣಪ್ಪನವರು. ಮತ್ತೆ ನೀನು ಇರಲಿ ಬಿಡು ಅನ್ನುತ್ತೀ. ಮೂವತ್ತೆಂಟು ವರ್ಷ ಇರಲಿ ಬಿಡು ಅಂದುಕೊಂಡೇ ಬಾಳಿದೆ. ನನ್ನ ಮುಂದೆ ಬಾಗಿಲು ಹಾಕಿದ ದಿನವೂ ಒಳಗೆ ನಿಂತು ಅದನ್ನೇ ಅಂದಿರಬೇಕು.

ಆ ದಿನ ಅವರು ಅಂದ ಮಾತು ನನಗೆ ಮರೆತಿಲ್ಲ. "ಲಿಂಗ ಬಿಟ್ಟಾಕಿಗೆ ಈ ಹೊಸ್ತಿಲು ಇಲ್ಲ." ಓಣಿಯವರೆಲ್ಲ ಕೇಳಿದರು. ನನ್ನನ್ನು ಮದುವೆಯಾಗಿ ಬಂದ ಲಕ್ಷ್ಮಣ ಪಕ್ಕದಲ್ಲಿ ನಿಂತಿದ್ದ, ಕೈಯಲ್ಲಿ ನಿನಗಾಗಿ ತಂದ ಸೀರೆ ಹಿಡಿದುಕೊಂಡು. ಅವನ ಜಾತಿ ಹಿಡಿದು ಅಂದಿದ್ದರೆ ಅಷ್ಟು ನೋಯುತ್ತಿರಲಿಲ್ಲ, ಅದು ಅವನಿಗೆ ರೂಢಿಯಾಗಿತ್ತು. ದೇವರ ಹೆಸರಲ್ಲಿ ತಂಗಿಯನ್ನು ಹೊರಗೆ ಹಾಕಿದವರು ಈಗ ದೇವರ ಹೆಸರಲ್ಲೇ ಅಕ್ಕನ ಕೈ ತೆಗೆಯುತ್ತಿದ್ದಾರೆ. ಆ ಎಲುಬು ಕೂಡದಿದ್ದರೆ ಅದು ಅವರ ಹಟದಿಂದ. ಅವರು ಇದನ್ನು ಓದಿದರೂ ನನಗೆ ಭಯವಿಲ್ಲ. ಓದಲಿ ಅಂತಲೇ ಬರೆದಿದ್ದೇನೆ.

ಕುಮಾರಿ


ಲಿಂಗಸುಗೂರು
10 ಸೆಪ್ಟೆಂಬರ್ 2023

ಅಕ್ಕಾ,

ಉತ್ತರ ಇಲ್ಲ. ಗೌಸ್‌ಸಾಬರು ಉರುಸಿನಿಂದ ಬಂದಿರಬೇಕು. ಸಿಟ್ಟಾಗಿದ್ದೀ ಅಂದುಕೊಂಡಿದ್ದೇನೆ. ಸಿಟ್ಟಾಗು, ಆದರೆ ಕೈ ಹೇಗಿದೆ ಎಂದು ಎರಡು ಸಾಲು ಬರೆ.

ಕುಮಾರಿ


ಲಿಂಗಸುಗೂರು
8 ಅಕ್ಟೋಬರ್ 2023

ಅಕ್ಕಾ,

ಹೋದ ತಿಂಗಳು ಶಾಲೆಯ ಕೆಲಸಕ್ಕೆಂದು ಲಕ್ಷ್ಮಣ ಸಿಂಧನೂರಿಗೆ ಹೋಗಿದ್ದ. ಬಸ್ಸಿನಿಂದ ನೋಡಿದನಂತೆ, ನಿಮ್ಮ ಅಂಗಡಿ ಮುಚ್ಚಿತ್ತು. ವಾರದ ರಜೆ ಇರಬೇಕು ಅಂದ. ಹೌದೇ?

ಹನ್ನೆರಡು ವಾರ ಎಂದೋ ಮುಗಿದಿದೆ. ಪ್ಲಾಸ್ಟರ್ ಬಿಚ್ಚಿರಬೇಕು. ಬಿಸಿನೀರಲ್ಲಿ ಕೈ ಇಟ್ಟು ಬೆರಳು ಆಡಿಸು. ಮೆತ್ತಗಿನ ಚೆಂಡು ಹಿಡಿದು ಹಿಚುಕು. ನೀನು ಓದುತ್ತೀಯೋ ಇಲ್ಲವೋ, ನಾನು ಬರೆಯುತ್ತೇನೆ.

ಕುಮಾರಿ


ಮಸ್ಕಿ
5 ನವೆಂಬರ್ 2023

ಕುಮಾರಿ,

ನಿನ್ನ ಭಾವ ಹೋಗಿ ಐವತ್ತೈದು ದಿನ ಆಯಿತು. ಶ್ರಾವಣದ ಕಡೆಯ ಸೋಮವಾರ, ಮಧ್ಯಾಹ್ನ, ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲೇ. ಗೌಸ್‌ಸಾಬರು ರಸ್ತೆ ದಾಟಿ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ನಿನಗೆ ತಿಳಿಸಬೇಡಿ ಎಂದು ನಾನೇ ಹೇಳಿದೆ. ಸಿಟ್ಟಿತ್ತು. ಎರಡು ತಿಂಗಳು ಸಿಟ್ಟನ್ನೇ ಉಂಡು ಕೂತಿದ್ದೆ.

ಈಗ ಅಯ್ಯನವರ ಮಾತು ಮೀರಿ ಹೇಳುತ್ತೇನೆ. ನಾನು ಉಪವಾಸ ಕೂತ ಮೂರನೆಯ ದಿನ ಅವರು ಬಂದು ಅಂದರು, "ಬಟ್ಟಲಾಗ ಇಡಬ್ಯಾಡ್ರಿ ತಾಯಿ, ಲಿಂಗಕ್ಕ ಜೀವ ಇರೋ ಅಂಗೈನ ಗದ್ದುಗಿ. ನಿಮ್ಮ ಮನಿಯವ್ರ ಕೈ ನಿಮ್ಮ ಕೈ ಅಲ್ಲೇನು?" ನನ್ನ ಲಿಂಗ ಇನ್ನೊಬ್ಬರ ಕೈಗೆ ಕೊಡಬಾರದು, ಅದು ಅವರಿಗೂ ಗೊತ್ತು. ತಪ್ಪಿದ್ದರೆ ತಮ್ಮ ತಲೆಯ ಮೇಲಿರಲಿ, ಊರಿಗೆ ಹೇಳುತ್ತ ಹೋಗಬೇಡಿ ಅಂದರು.

ಮರುದಿನದಿಂದ ನಿನ್ನ ಭಾವ ಸ್ನಾನ ಮಾಡಿ, ನನ್ನ ಎದುರಿಗೆ ಮಣೆ ಹಾಕಿಕೊಂಡು, ತಮ್ಮ ಎಡ ಅಂಗೈ ಚಾಚುತ್ತಿದ್ದರು. ಅದರ ಮೇಲೆ ನನ್ನ ಲಿಂಗ. ನಾನು ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದೆ. ಮೊದಲ ದಿನ ಅಂಗಡಿಗೆ ಹೊತ್ತಾಗುತ್ತದೆ, ಬೇಗ ಮುಗಿಸು ಎಂದು ಸನ್ನೆ ಮಾಡಿದರು. ಒಂದು ವಾರ ಆದ ಮೇಲೆ ಸನ್ನೆ ನಿಂತಿತು. ಕೈ ಸೋತು ನಡುಗಿದರೆ ಮೊಣಕೈಯನ್ನು ತೊಡೆಗೆ ಊರಿಕೊಳ್ಳುತ್ತಿದ್ದರು, ಇಳಿಸುತ್ತಿರಲಿಲ್ಲ. ಮೂವತ್ತೆಂಟು ವರ್ಷ ಬಾಳುವೆ ಮಾಡಿದೆ ಕುಮಾರಿ, ಅವರ ಅಂಗೈ ನೋಡಿರಲಿಲ್ಲ. ಹಿತ್ತಾಳೆ ತಗಡು ಕೊಯ್ದ ಗಾಯದ ಗೆರೆ ಒಂದಿತ್ತು, ಕಿರುಬೆರಳಿಂದ ಮಣಿಕಟ್ಟಿನ ತನಕ. ಯಾವಾಗ ಆಯಿತು ಎಂದು ಕೇಳಿದೆ. ನಿನ್ನ ತಂಗಿ ಬಂದು ಹೋದ ವರ್ಷ ಎಂದು ಪಾಟಿಯ ಮೇಲೆ ಬರೆದು ತೋರಿಸಿದರು. ನನ್ನ ಕಿವಿ ಹೋದ ಮೇಲೆ ಕೂಗಿ ಮಾತಾಡಿ ಬೇಸತ್ತು ಸುಮ್ಮನಾಗಿದ್ದ ಮನುಷ್ಯ. ಪೂಜೆಯ ಹೊತ್ತಿಗೆ ಮಾತು ಬೇಕಾಗಿರಲಿಲ್ಲ. ಆ ಅರ್ಧ ತಾಸು ನಾವಿಬ್ಬರೂ ಒಂದು ಮನೆಯಲ್ಲಿದ್ದೆವು.

ಆಗಸ್ಟಿನಲ್ಲಿ ಎಲುಬು ಕೂಡಿಲ್ಲ, ಇನ್ನೂ ನಾಲ್ಕು ವಾರ ಎಂದು ಡಾಕ್ಟರ್ ಹೇಳಿದಾಗ ನಾನು ಒಳಗೊಳಗೇ ಖುಷಿಪಟ್ಟೆ. ಇನ್ನೂ ನಾಲ್ಕು ವಾರ ಆ ಅಂಗೈ ಸಿಕ್ಕಿತಲ್ಲ ಅಂತ. ಅದಕ್ಕೇ ಇರಲಿ ಬಿಡು ಎಂದು ಬರೆದೆ. ನೀನು ಅದನ್ನು ಬೇರೆ ಓದಿಕೊಂಡೆ.

ಗೌಸ್‌ಸಾಬರ ಅಂಗಡಿ ಮುಚ್ಚಿತ್ತು. ಅಂಚೆಯವನು ನಿನ್ನ ಕಾಗದವನ್ನು ಎದುರಿನ ಅಂಗಡಿಯಲ್ಲಿ ಕೊಟ್ಟು ಹೋದ. ನಿನ್ನ ಭಾವ ಓದಿದರು. ಓದಿ ಮನೆಗೆ ತಂದು ನನ್ನ ಕೈಗೆ ಕೊಟ್ಟರು. ಇಷ್ಟು ವರ್ಷ ಕದ್ದು ಬರೆದೆಯಾ ಎಂದು ಕೇಳಲಿಲ್ಲ. ನಾನು ಆಗಲೇ ನಿನಗೆ ನಿಜ ಬರೆಯುತ್ತೇನೆಂದು ಪೆನ್ನು ತೆಗೆದೆ, ಕಸಿದುಕೊಂಡರು. ಎಷ್ಟೋ ಕಾಲದ ಮೇಲೆ ಮೊದಲ ಸಲ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು. "ಬರೀಬ್ಯಾಡ. ಅವತ್ತು ಓಣಿ ಮುಂದ ನಾ ಅಂದೀನಿ. ಒಂದು ಮಾತು ನನಗೂ ಬೀಳಲಿ ಬಿಡು."

ಮರುದಿನ ಬೆಳಿಗ್ಗೆ ಎಂದಿನಂತೆ ಕೈ ಚಾಚಿದರು. ಮೂರು ಸಲ ತೊಳೆದುಕೊಂಡು ಬಂದಿದ್ದರು, ಅದೊಂದು ಹೊಸದು.

ಅವರು ಹೋದ ಮೇಲೆ ಅಂಗಿ ಬಿಚ್ಚಿದಾಗ ಕಿಸೆಯಲ್ಲಿ ನಿನ್ನ ಕಾಗದ ಇತ್ತು. ನನ್ನ ಪೆಟ್ಟಿಗೆಯಿಂದ ಯಾವಾಗ ತೆಗೆದುಕೊಂಡರೋ ಗೊತ್ತಿಲ್ಲ. ಮಡಿಕೆಯ ಗೆರೆಗಳು ಹರಿಯುವಷ್ಟು ಸಲ ತೆಗೆದು ಓದಿದ್ದರು.

ಹನ್ನೆರಡು ವಾರಕ್ಕೂ ಎಲುಬು ಕೂಡಲಿಲ್ಲ. ಅಕ್ಟೋಬರಿನಲ್ಲಿ ಕೊಯ್ದು ಸ್ಕ್ರೂ ಹಾಕಿದ್ದಾರೆ, ಗೌಸ್‌ಸಾಬರ ಹೆಂಡತಿ ದವಾಖಾನೆಯಲ್ಲಿ ನನ್ನ ಜೊತೆ ಇದ್ದಳು. ಮತ್ತೆ ಪ್ಲಾಸ್ಟರ್. ನಮ್ಮ ಅಂಗಡಿಯಲ್ಲಿ ಇಷ್ಟು ಬಟ್ಟಲು, ತಂಬಿಗೆ, ತಾಟು ಇವೆ. ದಿನಾ ಒಂದೊಂದನ್ನು ತಂದು ಲಿಂಗ ಇಟ್ಟು ನೋಡುತ್ತೇನೆ. ಪೂಜೆ ಮಾಡುತ್ತೇನೆ, ಉಣ್ಣುತ್ತೇನೆ. ಯಾವುದೂ ಬೆಚ್ಚಗಿಲ್ಲ.

ಬಸವಣ್ಣೆಮ್ಮ


ಲಿಂಗಸುಗೂರು
9 ನವೆಂಬರ್ 2023

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಕ್ಷಮಿಸು ಎಂದು ನಿನಗೆ ಬರೆಯಬಹುದು, ಅವರಿಗೆ ಹೇಗೆ ಬರೆಯಲಿ?

ಆ ಎಲುಬು ಕೆಲವರಿಗೆ ಕೂಡುವುದೇ ಇಲ್ಲ ಎಂದು ಜೂನ್ ತಿಂಗಳಲ್ಲಿ ನಾನೇ ಬರೆದಿದ್ದೆ. ಯಾರ ತಪ್ಪೂ ಇಲ್ಲದೆ ಕೂಡದೆ ಉಳಿದ ಕೈಗಳನ್ನು ವಾರ್ಡಿನಲ್ಲಿ ನೋಡಿದ್ದೇನೆ. ಆದರೂ ಆ ಕಾಗದ ಬರೆಯುವಾಗ ನಾನು ನರ್ಸ್ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರನ್ನು ಬೈಯಲು ಒಂದು ಕಾರಣ ಹುಡುಕುತ್ತಿದ್ದೆ, ನಿನ್ನ ಎಲುಬು ಸಿಕ್ಕಿತು. ನನ್ನ ಆ ಮಾತು ಎದೆಯ ಮೇಲಿಟ್ಟುಕೊಂಡು ಅವರು ಹೋದರು. ಅದನ್ನು ನಾನು ಈ ಜನ್ಮದಲ್ಲಿ ತೆಗೆಯಲಾರೆ.

ನಿನಗೂ ಹೇಳದ ಒಂದು ಮಾತಿದೆ. ಆ ದಿನ ಬಾಗಿಲಲ್ಲಿ ನಿಂತಾಗ ನನ್ನ ಕೊರಳಲ್ಲಿ ಲಿಂಗ ಇತ್ತು, ಸೆರಗಿನೊಳಗೆ. ಲಕ್ಷ್ಮಣ ಎಂದೂ ತೆಗೆ ಅಂದವನಲ್ಲ. ಭಾವ ಹಾಗೆ ಅಂದಾಗ ತೆಗೆದು ತೋರಿಸಬಹುದಿತ್ತು. ತೋರಿಸಲಿಲ್ಲ. ನನಗೂ ಹಟ. ಅಂದುಕೊಳ್ಳಲಿ ಅಂದೆ. ಇಲ್ಲಿಗೆ ಬಂದ ಮೇಲೆ ತೆಗೆದು ಟ್ರಂಕಿನಲ್ಲಿಟ್ಟೆ. ಅಂದಿನಿಂದ ಅಲ್ಲೇ ಇದೆ. ವರ್ಷಕ್ಕೊಮ್ಮೆ ಲಕ್ಷ್ಮಣನೇ ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ತೊಳೆದಿಡುತ್ತಾನೆ.

ನಾನು ಬರಲೇ? ಬೆಳಗಿನ ಬಸ್ಸಿಗೆ ಬಂದು ಕೈ ಚಾಚಿ ಹೋಗುತ್ತೇನೆ. ಲಕ್ಷ್ಮಣ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ ಅಂದಿದ್ದಾನೆ. ಆದರೆ ಲಿಂಗ ತೆಗೆದಿಟ್ಟವಳ ಕೈ ಆಗುತ್ತದೋ ಇಲ್ಲವೋ, ಅಯ್ಯನವರನ್ನು ಕೇಳಿ ಬರೆ.

ಕುಮಾರಿ


ಮಸ್ಕಿ
4 ಜನವರಿ 2024

ಕುಮಾರಿ,

ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು. ನಿನ್ನ ಕೈ ಬೇಡದೆಯೇ ಆಗಲಿ ಎಂದು ಕಾದೆ, ನಿಜ ಹೇಳುತ್ತೇನೆ. ಪ್ಲಾಸ್ಟರ್ ತೆಗೆದಿದ್ದಾರೆ. ಎಲುಬು ಕೂಡಿದೆ ಎಂದು ಸಿಂಧನೂರಿನ ಡಾಕ್ಟರ್ ಫೋಟೋ ತೋರಿಸಿದರು, ಸ್ಕ್ರೂ ಬೆಳ್ಳಗೆ ಕಾಣುತ್ತದೆ. ಕೈ ಮಾತ್ರ ಸಣಕಲಾಗಿ ಸಿಪ್ಪೆ ಸುಲಿಯುತ್ತಿದೆ. ಬಿಸಿನೀರು, ಚೆಂಡು, ನೀನು ಹೇಳಿದ್ದೆಲ್ಲ ನಡೆದಿದೆ. ಹಿಟ್ಟು ನಾದಿದರೆ ನೋಯುತ್ತದೆ. ಲಿಂಗ ಇಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಐದು ಎಣಿಸುವುದರೊಳಗೆ ನಡುಗುತ್ತದೆ. ನಿನ್ನೆ ಜಾರಿತು. ಮಡಿಲಿಗೆ ಬಿತ್ತು, ನೆಲಕ್ಕೆ ಬೀಳಲಿಲ್ಲ. ಆಮೇಲೆ ಬಹಳ ಹೊತ್ತು ಅತ್ತೆ.

ಅಯ್ಯನವರನ್ನು ಕೇಳಿಲ್ಲ. ಕೇಳುವುದೂ ಇಲ್ಲ.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಬಾ. ಸ್ನಾನ ಮಾಡಿ ಬಾ, ಏನೂ ತಿನ್ನಬೇಡ. ಲಕ್ಷ್ಮಣ ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಕೂಡಬೇಕು? ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂಡಲಿ, ಗೌಸ್‌ಸಾಬರಿಗೆ ಹೇಳಿದ್ದೇನೆ. ಓಣಿಯವರು ಏನಾದರೂ ಅಂದರೆ ನನಗೆ ಹೇಗೂ ಕೇಳಿಸುವುದಿಲ್ಲ.

ನೀನು ಸಣ್ಣವಳಿದ್ದಾಗ ನಾನು ಮಾಡುತ್ತಿದ್ದೆನಲ್ಲ, ಹಾಗೆ ಕೆಳಗಿನಿಂದ ಹಿಡಿದರೆ ಸಾಕು. ಲಿಂಗ ನನ್ನ ಕೈಯಲ್ಲೇ ಇರುತ್ತದೆ. ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ ಕುಮಾರಿ, ಇಷ್ಟರಲ್ಲಿ ಹೋಗುವುದೂ ಇಲ್ಲ. ಆದರೂ ಬಾ. ಬಾಗಿಲು ತೆರೆದಿರುತ್ತದೆ. ಎದುರಿಗೆ ಅವರ ಮಣೆ ಹಾಕಿರುತ್ತೇನೆ. ಅದರ ಮೇಲೆ ಯಾರು ಕೂತಿದ್ದರೆಂದು ನೆನೆದು ಕೂತುಕೋ.

ಬಸವಣ್ಣೆಮ್ಮ